ಸರಾಸರಿಯ ಹೊಳಪು

ಉಟ್ರೆಕ್ಟ್ ನಗರದ ಸೂಕ್ಷ್ಮಕಣ ಸಂಸ್ಥೆಯಲ್ಲಿ ಎಲ್ಲರೂ ಒಪ್ಪುವವರೆಗೆ ಯಾವ ತೀರ್ಮಾನವೂ ಆಗುವುದಿಲ್ಲ. ಒಮ್ಮೆ ಒಪ್ಪಿದರೆ ಪ್ರಕೃತಿಯೂ ಅದಕ್ಕೆ ಬದ್ಧ.

ಅಲ್ಲಿನ ಸಂಶೋಧಕಿ ಹಿಲ್ಕೆ ನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಕಡ್ಡಿಗಳನ್ನು ಬೆಳೆಸಿ, ಒಂದೇ ಉದ್ದದವುಗಳನ್ನು ಆರಿಸಿ, ನೀರಿನೊಂದಿಗೆ ಗಾಜಿನ ಕೊಳವೆಗೆ ತುಂಬುವುದು. ಉದ್ದ ಸಮನಾಗಿದ್ದರೆ ಅವು ತಾವಾಗಿಯೇ ಪದರದ ಮೇಲೆ ಪದರ ಕಟ್ಟಿ ದ್ರವಸ್ಫಟಿಕವಾಗುತ್ತವೆ, ಕೊಳವೆ ಹಸಿರು ನೇರಳೆಯಾಗಿ ಹೊಳೆಯುತ್ತದೆ. ಗಿಡ್ಡ ಉದ್ದ ಬೆರೆತರೆ ಪದರ ಮುರಿದು ಬರೀ ನೀರುಮಜ್ಜಿಗೆ. ಶುಕ್ರವಾರ ಪರೀಕ್ಷಕರು ಆ ಹೊಳಪನ್ನು ಕಣ್ಣಾರೆ ಕಂಡರೆ ಮಾತ್ರ ಅವಳಿಗೆ ಡಾಕ್ಟರೇಟ್.

ಮಂಗಳವಾರ ಕಪಾಟು ಸರಳೀಕರಣ ಸಮಿತಿ ಅವಳ ಗಿಡ್ಡ, ಮಧ್ಯಮ, ಉದ್ದ ಕಡ್ಡಿಗಳ ಮೂರು ಕೊಳವೆಗಳನ್ನೂ ಒಂದೇ ಜಾಡಿಗೆ ಸುರಿದು, "ಸರಾಸರಿ ಉದ್ದದಲ್ಲಿ ಬದಲಾವಣೆ ಇಲ್ಲ" ಎಂದು ಚೀಟಿ ಅಂಟಿಸಿತು. ಸಮಿತಿಯ ತಪ್ಪು ಎಳ್ಳಷ್ಟೂ ಇಲ್ಲ. ಮೂರು ಕೊಳವೆಗಳು ಮೂರು ಜಾಗ ತಿನ್ನುತ್ತಿದ್ದವು.

"ನಾಲ್ಕು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ರೀ!" ಎಂದು ಹಿಲ್ಕೆ ಅತ್ತೇಬಿಟ್ಟಳು.

ಸಮಿತಿಯ ಅಧ್ಯಕ್ಷ ಗೆರ್ಬೆನ್ ಚೀಸ್ ಬ್ರೆಡ್ಡನ್ನು ಕೆಳಗಿಟ್ಟ. "ಒಂದು ಹನೀನೂ ಚೆಲ್ಲಿಲ್ಲ ಕಣಮ್ಮ. ಸರಾಸರಿ ಸರಿಯಾಗಿದೆ ತಾನೆ?"

"ಸರಾಸರಿ ಕಟ್ಕೊಂಡು ಕಡ್ಡಿಗಳಿಗೇನ್ರೀ ಆಗ್ಬೇಕು? ಅವು ಪದರ ಕಟ್ಟಲ್ಲ!"

"ಅದು ನಿನ್ನ ಒಬ್ಬಳ ಅಭಿಪ್ರಾಯ. ಸಭೆ ಕರೆಯೋಣ."

ಸಭೆ ಎರಡು ದಿನ ನಡೆಯಿತು. ಕಾಫಿಯ ಜೊತೆ ತಲಾ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಲಾಯಿತು. ಕೊನೆಗೆ ನಿರ್ಣಯ ಹೊರಬಿತ್ತು: "ಜಾಡಿಯಲ್ಲಿ ಪದರಗಳಿವೆ. ಕಾಣದವರು ಲಿಖಿತ ಕಾರಣ ನೀಡತಕ್ಕದ್ದು ಹಾಗೂ ಮುಂದಿನ ಸಭೆಗೆ ಹಾಜರಾಗತಕ್ಕದ್ದು."

ಶುಕ್ರವಾರ ಹಿರಿಯ ಪರೀಕ್ಷಕ ಡೌವೆ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮುಂದಿನ ಸಭೆ ಎಂಬ ಮಾತು ನೆನಪಾಯಿತು.

"ಸರಾಸರಿಯಾಗಿ ಹೊಳೀತಿದೆ," ಅಂದರು. "ನಿನಗೂ ಕಾಣ್ತಿದೆ ತಾನೆ?"

ಕಾಣದಿದ್ದರೆ ಇನ್ನೂ ನಾಲ್ಕು ವರ್ಷ. ಹಿಲ್ಕೆಗೆ ತನ್ನ ಮೇಲೇ ಹೇಸಿಗೆಯಾಯಿತು. "ಕಾಣ್ತಿದೆ ಸರ್," ಅಂದಳು. ಡಾಕ್ಟರೇಟ್ ಸಿಕ್ಕಿತು.

ಪದ್ಧತಿಯಂತೆ ಗೆದ್ದವಳೇ ಎಲ್ಲರಿಗೂ ಕೇಕ್ ತಂದು ಕೊಯ್ದಳು. ಹೋಳುಗಳು ಹೆಚ್ಚುಕಡಿಮೆಯಾದವು. ಗೆರ್ಬೆನ್ ಜೇಬಿನಿಂದ ಅಳತೆಪಟ್ಟಿ ತೆಗೆದ.

"ನನ್ನ ಹೋಳು ಡೌವೆ ಅವರದ್ದಕ್ಕಿಂತ ಅರ್ಧ ಸೆಂಟಿಮೀಟರ್ ಕಮ್ಮಿ ಇದೆಯಲ್ಲಮ್ಮ."

"ಸರಾಸರಿ ಸರಿಯಾಗಿದೆ ಸರ್."

"ತಮಾಷೆ ಸಾಕು. ಇದು ಕೇಕ್."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಡಾಕ್ಟರ್ ಹಿಲ್ಕೆಯೂ ತಲೆಯಾಡಿಸಿ, ತನ್ನ ಹೋಳಿನಿಂದ ಅರ್ಧ ಸೆಂಟಿಮೀಟರ್ ಅಳೆದು ಕತ್ತರಿಸಿ ಅವನ ತಟ್ಟೆಗೆ ಹಾಕಿದಳು.