ರೀಲ್ ಮಾಸ್ಟರ್ ಅನ್ನಬೇಡಿ

ಮೀನು ಹಿಡಿಯುವ ಹವ್ಯಾಸದವರಿಗೆ ಬೇರೆ ಊರುಗಳಲ್ಲಿ ಮರ್ಯಾದೆ ಇದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮ ರಾಯದುರ್ಗದಲ್ಲಂತೂ ಇಲ್ಲ. ಒಂದು ಅವಮಾನ ಮರೆಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಇದಕ್ಕೆಲ್ಲ ಮೂಲ 'ರೀಲ್' ಎನ್ನುವ ಒಂದೇ ಒಂದು ಮಾತು.

ನಾನು ಇಲ್ಲಿನ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ನಮ್ಮಲ್ಲಿ ರೀಲ್ ಅಂದರೆ ಹೊಲಿಯುವ ದಾರ. ಹೆಂಡತಿಯ ತವರು ಮಡಕಶಿರ. ಅಲ್ಲಿ ರೀಲಿಂಗ್ ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವುದು. ಬೀದಿಯ ಹುಡುಗರಿಗೆ ರೀಲ್ ಅಂದರೆ ಫೋನಿನಲ್ಲಿ ಕುಣಿಯುವುದು. ನನ್ನ ಹೆಂಡತಿಗೆ ಮಾತ್ರ ರೀಲ್ ಅಂದರೆ ನಾನು ಬಾಯಿ ತೆರೆದು ಹೇಳುವ ಪ್ರತಿಯೊಂದು ಮಾತು. ಮೀನು ಹಿಡಿಯುವ ರೀಲ್ ಅಂತ ಒಂದಿದೆ ಎಂದರೆ ಯಾರೂ ನಂಬುವುದಿಲ್ಲ. ನಂಬಿಸಲು ಹೋಗಿ ನಾನು ಪಟ್ಟ ಪಾಡು ಇದು.

ಹೊಸಬನಂತೆ!

ರೀಲ್ ಕೊಳ್ಳಲು ಬಳ್ಳಾರಿಗೆ ಹೋಗಿದ್ದೆ. ಅಂಗಡಿಯವನು ಎರಡು ನಮೂನೆ ತೆಗೆದು ಮುಂದಿಟ್ಟ.

"ಇದು ಸ್ಪಿನ್ನಿಂಗ್ ರೀಲ್ ರಿ. ದಾರ ಸುತ್ತಿದ ಉರುಳಿ ಕದಲಂಗಿಲ್ಲ, ದಾರ ತಾನಾ ಜಾರಿ ಹೋಗ್ತೈತಿ. ಇದು ಬೇಟ್‌ಕಾಸ್ಟಿಂಗ್. ಎಸೆದ್ರ ಉರುಳಿನೇ ತಿರುಗ್ತೈತಿ, ಹೆಬ್ಬೆರಳಿನಾಗ ಒತ್ತಿ ತಡೀಬೇಕು."

ಇದನ್ನು ನನಗೆ ಹೇಳಿಕೊಡಬೇಕೆ? ಒಂದು ನಮ್ಮ ಹೊಲಿಗೆ ಯಂತ್ರದ ಮೇಲೆ ನಿಲ್ಲಿಸುವ ಕೋನ್ ಇದ್ದ ಹಾಗೆ, ಇನ್ನೊಂದು ಕೆಳಗೆ ತಿರುಗುವ ಬಾಬಿನ್ ಇದ್ದ ಹಾಗೆ. ಅಷ್ಟೇ ತಾನೇ? ಅಷ್ಟರಲ್ಲಿ ಅವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನೀವು ಹೊಸಬ್ರೇನ್ರಿ? ಹಂಗಾರ ಸ್ಪಿನ್ನಿಂಗೇ ತಗೋರಿ. ಬೇಟ್‌ಕಾಸ್ಟಿಂಗ್ ಕೈ ಪಳಗಿದವ್ರಿಗೆ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಹೊಸಬ! ದಾರದ ಮಧ್ಯೆಯೇ ತಲೆ ನರೆತವನನ್ನು ಹೊಸಬ ಅನ್ನುತ್ತಾನಲ್ಲ, ಎಷ್ಟು ಕೊಬ್ಬಿರಬೇಕು ಇವನಿಗೆ!

"ಬೇಟ್‌ಕಾಸ್ಟಿಂಗೇ ಕಟ್ಟು" ಅಂದೆ.

ಅವನು ಕಟ್ಟಿದ. ಜೊತೆಗೆ ಒಂದು ಪುಟ್ಟ ಕತ್ತರಿಯನ್ನೂ ಚೀಲಕ್ಕೆ ಹಾಕಿದ. "ಇದ್ಯಾಕಪ್ಪ?" ಅಂದೆ.

"ಇದು ಫ್ರೀ ರಿ. ನಿಮಗ ಬೇಕಾಗ್ತೈತಿ."

ಭೈರವಾನಿತಿಪ್ಪದಲ್ಲಿ ಉಣ್ಣೆ

ಭೈರವಾನಿತಿಪ್ಪ ಡ್ಯಾಮಿನ ದಂಡೆಗೆ ಹೋಗಿ, ಮೀನಿನ ಗುತ್ತಿಗೆಯವರ ಒಪ್ಪಿಗೆ ಪಡೆದು, ಗಾಳಕ್ಕೆ ರಬ್ಬರ್ ಕಪ್ಪೆಯೊಂದನ್ನು ಸಿಕ್ಕಿಸಿ ಬೀಸಿದೆ. ಕೊರಮೀನು ಈ ಕಪ್ಪೆಯನ್ನು ನಿಜವಾದ ಕಪ್ಪೆ ಅಂದುಕೊಂಡು ಹಾರಿ ಕಚ್ಚುತ್ತದಂತೆ. ಕಚ್ಚಬೇಕಾದರೆ ಮೊದಲು ಕಪ್ಪೆ ನೀರಿಗೆ ಬೀಳಬೇಕಲ್ಲ! ಕಪ್ಪೆ ಗಾಳಿಯಲ್ಲೇ ಗಕ್ಕನೆ ನಿಂತಿತು. ಉರುಳಿ ಮಾತ್ರ ನಿಲ್ಲಲಿಲ್ಲ. ಗರಗರ ತಿರುಗಿ ಒಳಗಿನ ದಾರವನ್ನೆಲ್ಲ ಹೊರಗೆ ಉಬ್ಬಿಸಿತು. ನೋಡಿದರೆ ನನ್ನ ಕೈಯಲ್ಲಿ ರೀಲ್ ಇಲ್ಲ, ಗುಬ್ಬಿಗೂಡು ಇದೆ.

ಅಂಗಡಿಯವನು ಹೆಬ್ಬೆರಳಿನಲ್ಲಿ ತಡೆಯಬೇಕು ಅಂದಿದ್ದ, ನಿಜ. ಯಾವಾಗ ತಡೆಯಬೇಕು ಅಂತ ಹೇಳಬಾರದಿತ್ತೆ? ಕತ್ತರಿ ಕೊಡಲು ನೆನಪಿರುತ್ತದೆ, ಇದು ನೆನಪಿರುವುದಿಲ್ಲ!

ಕಲ್ಲಿನ ಮೇಲೆ ಕೂತು ಬಿಡಿಸಲು ಶುರು ಮಾಡಿದೆ. ಕುರಿ ಹಿಂಡು ಹೊಡೆದುಕೊಂಡು ಬಂದ ಅಜ್ಜ ಒಬ್ಬ ಕೋಲು ಊರಿ ನಿಂತ. ನನ್ನ ಕೈಯನ್ನೇ ನೋಡಿದ. ಕುರಿಗಳೂ ನೋಡಿದವು.

"ಸಾರ್, ಉಣ್ಣೆ ಬಿಡಸಾಕ ಹತ್ತೀರೇನ್ರಿ?"

"ಉಣ್ಣೆ ಅಲ್ಲಪ್ಪ, ಮೀನು ಹಿಡಿಯಾಕ ಬಂದೀನಿ."

ಅಜ್ಜ ನೀರು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿದ್ದ ಗೂಡು ನೋಡಿದ. ಆಮೇಲೆ ಬಹಳ ಮರುಕದಿಂದ ಹೇಳಿದ: "ಯಾಕ ಸುಳ್ಳು ಹೇಳ್ತೀರ್ರಿ? ಕಂಬಳಿ ನೇಯೋದು ನಾಚಿಕಿ ಕೆಲಸ ಅಲ್ಲ ಬಿಡ್ರಿ."

ಕಾರ್ಖಾನೆಯಲ್ಲಿ ನಾಮಕರಣ

ಬಿಡಿಸಲಾಗದ ಗೂಡನ್ನು ಮಾರನೆಯ ದಿನ ಕಾರ್ಖಾನೆಗೆ ತಂದದ್ದೇ ತಪ್ಪಾಯಿತು. ನನ್ನ ಹೆಂಡತಿಯೂ ಅಲ್ಲೇ ಓವರ್‌ಲಾಕ್ ಯಂತ್ರದಲ್ಲಿ ಕೆಲಸ ಮಾಡುತ್ತಾಳೆ. ಊಟದ ಬಿಡುವಿನಲ್ಲಿ ಕಟಿಂಗ್ ಟೇಬಲ್ ಮೇಲೆ ಗೂಡು ಇಟ್ಟೆನೋ ಇಲ್ಲವೋ, ಟೈಲರ್‌ಗಳೆಲ್ಲ ಸುತ್ತ ಸೇರಿದರು. ಒಬ್ಬ ಸೂಜಿಯಲ್ಲಿ ತಿವಿ ಅಂದ. ಇನ್ನೊಬ್ಬ ಎಣ್ಣೆ ಬಿಡಿ ಅಂದ. ಎಳೆದವರು ಎಷ್ಟೋ ಜನ, ಬಿಡಿಸಿದವರು ಒಬ್ಬರೂ ಇಲ್ಲ.

ಮಾಲೀಕರು ಒಳಗೆ ಬಂದರು. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಮಾಸ್ಟರೂ, ಏಮಿಟಿ ಇದಿ?"

ಇದೇನು ಅಂತ ಕೇಳಿದರೆ ಹೇಳಲೇಬೇಕಲ್ಲ. "ರೀಲ್ ಸರ್. ಮೀನು ಹಿಡಿಯೋದು. ನಿನ್ನೆ ಒಂದು ದೊಡ್ಡ ಕೊರಮೀನು ಇನ್ನೇನು ಕಚ್ಚೋದರಲ್ಲಿತ್ತು..." ಅಂದೆ.

ಯಂತ್ರದ ಹಿಂದಿನಿಂದ ಹೆಂಡತಿಯ ದನಿ ಬಂತು. "ಬಿಡ್ರೀ ಸರ್, ಅವ್ರು ಬಟ್ಟೆ ಕತ್ತರಿಸೋವಾಗ ಕಟಿಂಗ್ ಮಾಸ್ಟ್ರು. ಮಿಕ್ಕಿದ್ ಹೊತ್ತೆಲ್ಲ ರೀಲ್ ಮಾಸ್ಟ್ರು."

ನಗು ಅಂದರೆ ನಗು! ಅಂದಿನಿಂದ ಗುಂಡಿ ಹಾಕುವವರಿಂದ ಹಿಡಿದು ಬಾಗಿಲು ಕಾಯುವವನವರೆಗೆ ನಾನು ರೀಲ್ ಮಾಸ್ಟರ್. ಕಷ್ಟಪಟ್ಟು ಸಂಪಾದಿಸಿದ 'ಮಾಸ್ಟರ್' ಅನ್ನುವ ಹೆಸರಿಗೆ ಕಟ್ಟಿಕೊಂಡವಳೇ ಬಾಲ ಕಟ್ಟಿದಳಲ್ಲ, ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ: "ಈ ಹೆಸರು ಹೋಗಬೇಕಾದರೆ ನಾನೇನು ಮಾಡಬೇಕು?"

"ಒಂದೇ ಒಂದು ಮೀನು. ನೀವೇ ಹಿಡಿದಿದ್ದು ಅಂತ ನನಗೆ ನಂಬಿಕೆ ಬರ್ಬೇಕು. ಅವತ್ತೇ ಕಾರ್ಖಾನೇಲಿ ಎಲ್ರ ಮುಂದೆ 'ಮಾಸ್ಟ್ರೇ' ಅಂತ ಕರೀತೀನಿ" ಅಂದಳು. ಬಡಿಸುತ್ತಾ, "ಅಲ್ಲೀವರ್ಗೂ ಬೇಳೆ ಸಾರು" ಅಂತಲೂ ಸೇರಿಸಿದಳು.

ಕಪ್ಪೆಯ ಸಾವು

ಒಂದು ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಿರುಚಾಟ. ಓಡಿಹೋಗಿ ನೋಡಿದರೆ ನನ್ನ ಪ್ಯಾಂಟಿನ ಜೇಬಿನಿಂದ ಬಿದ್ದ ರಬ್ಬರ್ ಕಪ್ಪೆಯನ್ನು ಹೆಂಡತಿ ಪೊರಕೆಯಿಂದ ಬಡಿಯುತ್ತಿದ್ದಾಳೆ. ಬಡಿದಷ್ಟೂ ಅದು ಪುಟಿಯುತ್ತಿದೆ, ಪುಟಿದಷ್ಟೂ ಇವಳು ಬಡಿಯುತ್ತಿದ್ದಾಳೆ.

"ಹೊಡೀಬೇಡವೇ, ಅದು ರಬ್ಬರ್ ಕಪ್ಪೆ! ಮೀನಿಗೆ ಹಾಕೋದು!"

ಅವಳು ಪೊರಕೆ ಕೆಳಗಿಟ್ಟು ಕಪ್ಪೆಯನ್ನು ಎತ್ತಿ ತಿರುಗಿಸಿ ನೋಡಿದಳು. ಪಾಪ, ಕಪ್ಪೆಯ ಒಂದು ಕಾಲು ಹೋಗಿತ್ತು. ನನಗೆ ಎಷ್ಟು ಸಂಕಟವಾಯಿತು ಅಂದರೆ ಹೇಳಲಾರೆ. ಅವಳಿಗೆ ಸ್ವಲ್ಪವೂ ಆಗಲಿಲ್ಲ.

"ಇದ್ನ ಮೀನು ನಿಜವಾದ ಕಪ್ಪೆ ಅಂತ ನಂಬ್ತದಾ?"

"ನಂಬ್ತದೆ!"

"ರಬ್ಬರ್ ಕಪ್ಪೇನ ನಂಬೋ ಮೀನು ಕೂಡ ನಿಮ್ಮನ್ನ ನಂಬ್ಲಿಲ್ವಲ್ರೀ!"

ಮೇಲೋ, ಕೆಳಗೋ?

ಮಡಕಶಿರದಿಂದ ಹೆಂಡತಿಯ ತಮ್ಮ ಬಂದ. ಅವನದು ರೇಷ್ಮೆ ನೂಲು ತೆಗೆಯುವ ಕಸುಬು. ಬರುವಾಗಲೇ ನನಗಾಗಿ ಒಂದು ಸ್ಪಿನ್ನಿಂಗ್ ರೀಲ್ ತಂದಿದ್ದ.

"ಭಾವ, ಆ ಬೇಟ್‌ಕಾಸ್ಟಿಂಗ್ ಎಸೀರಿ ಅತ್ಲಾಗೆ. ರೀಲಿನ ವಿಸ್ಯ ನಮ್ಮುನ್ನ ಕೇಳ್ಬೇಕು. ನಾವು ಹುಟ್ಟಿದ್ದೇ ನೂಲಲ್ಲಿ" ಅಂದ. ಭಾವನಿಗೆ ಮರ್ಯಾದೆ ಕೊಟ್ಟನೋ ಕಳೆದನೋ ತಿಳಿಯಲಿಲ್ಲ. ಆದರೂ ತಂದದ್ದನ್ನು ಬೇಡ ಅನ್ನಬಾರದು ಅಂತ ಇಬ್ಬರೂ ಡ್ಯಾಮಿಗೆ ಹೋದೆವು.

ನನ್ನ ಬೇಟ್‌ಕಾಸ್ಟಿಂಗ್ ರೀಲು ಗಾಳದ ಕೋಲಿನ ಮೇಲ್ಗಡೆ ಕೂರುತ್ತದೆ. ಅದೇ ಪ್ರಕಾರ ಇದನ್ನೂ ಮೇಲೆ ಕೂರಿಸಿ ಎಸೆದೆ. ಹಿಡಿ ಉಲ್ಟಾ ತಿರುಗುತ್ತದೆ, ದಾರ ಬೆರಳಿಗೆ ಸುತ್ತುತ್ತದೆ, ರೀಲು ಕೈಯಲ್ಲಿ ಬಲಕ್ಕೆ ವಾಲುತ್ತದೆ, ಎಡಕ್ಕೆ ವಾಲುತ್ತದೆ. ನೂಲಲ್ಲಿ ಹುಟ್ಟಿದವನು ಪಕ್ಕದಲ್ಲಿ ನಿಂತು, "ಹೊಸ್ದಲ್ವಾ ಭಾವ, ಸ್ವಲ್ಪ ಬಿಗಿ ಇರ್ತದೆ" ಅನ್ನುತ್ತಲೇ ಇದ್ದ.

ಬಿಸಿಲು ನೆತ್ತಿಗೇರಿದ ಮೇಲೆ ಹೆಂಡತಿ ವಿಡಿಯೊ ಕಾಲ್ ಮಾಡಿದಳು. ಎದುರಿಗೆ ಅದೇ ರೀಲಿನ ಖಾಲಿ ಡಬ್ಬ ಇಟ್ಟುಕೊಂಡಿದ್ದಳು. "ಏನ್ರೀ, ಡಬ್ಬದ ಮೇಲಿರೋ ಚಿತ್ರದಾಗೆ ಅದು ಕೋಲಿನ ಕೆಳಗೆ ನೇತಾಡ್ತಾ ಐತೆ. ನೀವ್ಯಾಕೆ ತಲೆ ಮೇಲೆ ಕೂರಿಸ್ಕಂಡಿದೀರಾ?"

ಒಂದು ಮೇಲೆ ಕೂರಬೇಕಂತೆ, ಇನ್ನೊಂದು ಕೆಳಗೆ ನೇತಾಡಬೇಕಂತೆ! ಇದ್ಯಾವ ಸೀಮೆ ನ್ಯಾಯ? ನಾನು ಭಾವಮೈದನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದೆ.

ಅವನು ಸ್ವಲ್ಪವೂ ಅಳುಕದೆ ಹೇಳಿದ: "ನಾನು ನೂಲಿನ ವಿಸ್ಯ ಗೊತ್ತು ಅಂದೆ ಭಾವ. ಕೋಲಿನ ವಿಸ್ಯ ಅನ್ಲಿಲ್ಲ."

ಸಾಕ್ಷಿ

ಮುಂದಿನ ಭಾನುವಾರ ಎರಡೂ ರೀಲುಗಳ ಇತ್ಯರ್ಥ ಮಾಡಿಬಿಡೋಣ ಅಂತ ಹೊರಟೆವು. ಭಾವಮೈದನ ಕೈಗೆ ಸ್ಪಿನ್ನಿಂಗ್, ನನ್ನ ಕೈಗೆ ಹಳೆಯ ಗೂಡು ಕತ್ತರಿಸಿ ಹೊಸ ದಾರ ಸುತ್ತಿದ ಬೇಟ್‌ಕಾಸ್ಟಿಂಗ್. "ಏನೇ ಆದ್ರೂ ವಿಡಿಯೊ ಮಾಡ್ಬೇಕು. ನಿನ್ನ ಅಕ್ಕ ನಂಬಬೇಕು" ಅಂತ ಅವನಿಗೆ ಮೊದಲೇ ಹೇಳಿದ್ದೆ.

ಅವನು ಎಸೆದದ್ದೆಲ್ಲ ಅಚ್ಚುಕಟ್ಟಾಗಿ ದೂರ ಹೋಗಿ ಬಿತ್ತು. ನಾನೂ ಮೂರುಗಾಲಿನ ಕಪ್ಪೆಯನ್ನು ಸಿಟ್ಟಿನಿಂದ ಬೀಸಿದೆ. ಕಪ್ಪೆ ಹತ್ತಿರದ ಜೊಂಡಿನ ಪಕ್ಕ ಬಿತ್ತು, ರೀಲಿನಲ್ಲಿ ಮತ್ತೆ ಗುಬ್ಬಿಗೂಡು! ಹಿಡಿ ಸುತ್ತಲು ಬರುವುದಿಲ್ಲ. ಸಹಿಸಿ ಸಹಿಸಿ ಸಾಕಾಗಿತ್ತು. "ಹಾಳಾಗಿ ಹೋಗು" ಅಂತ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾವಿಯಿಂದ ಕೊಡ ಸೇದಿದ ಹಾಗೆ ಎರಡೂ ಕೈಯಲ್ಲಿ ದಾರ ಸೇದತೊಡಗಿದೆ.

ದಾರ ತಿರುಗಿ ಸೇದಿತು!

"ಬಂತು ಭಾವ, ಬಂತು!" ಅಂತ ಭಾವಮೈದ ಫೋನು ಹಿಡಿದು ಕುಣಿದ. ನಾನು ಸೇದಿದೆ, ಜಾರಿದೆ, ಕೆಸರಿನಲ್ಲಿ ಕೂತೆ, ಕೂತಲ್ಲಿಂದಲೇ ಸೇದಿದೆ. ಕೊನೆಗೆ ಮೊಳದುದ್ದದ ಕೊರಮೀನು ದಂಡೆಗೆ ಬಂದು ದಾರದ ಗೂಡಿನಲ್ಲೇ ಹೊರಳಾಡಿ ಸುತ್ತಿಕೊಂಡಿತು. ನನಗೆ ಕಣ್ಣಲ್ಲಿ ನೀರೇ ಬಂತು.

"ವಿಡಿಯೊ ತೋರಿಸು" ಅಂದೆ.

ತೋರಿಸಿದ. ಸೆಲ್ಫಿ ಕ್ಯಾಮೆರಾ ಆನ್ ಆಗಿತ್ತು. ಶುರುವಿನಿಂದ ಕೊನೆವರೆಗೆ ಅವನದೇ ಮುಖ. ಬಾಯಿ, ಹಲ್ಲು, "ಬಂತು ಭಾವ, ಬಂತು." ಮೀನಿನ ಬಾಲ ಕೂಡ ಇಲ್ಲ!

ನೀರಿಗೆ ನೂಕಬೇಕು ಅನ್ನಿಸಿತು. ಆದರೆ ಸಾಕ್ಷಿ ಅಂತ ಉಳಿದವನು ಅವನೊಬ್ಬನೇ. ಅವನ ಮಾತೂ ಸಾಲದಿದ್ದರೆ ಇರಲಿ ಅಂತ ದಾರ ಕತ್ತರಿಸಲು ಬಿಡಲಿಲ್ಲ. ಬಾಯಲ್ಲಿ ಕಪ್ಪೆ, ಮೈತುಂಬ ದಾರ, ದಾರದ ತುದಿಗೆ ರೀಲು ಇದ್ದ ಹಾಗೆಯೇ ಮೀನನ್ನು ಎತ್ತಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ "ಚೇಪ ಎಂತ?" ಅಂತ ಮೀನಿನ ಬೆಲೆ ಕೇಳಿದ. "ಇದು ಮಾರೋ ಮೀನಲ್ಲ!" ಅಂತ ನಾನು ಕೂಗಿದ ರಭಸಕ್ಕೆ ಮುಂದಿನ ಸೀಟಿನ ಮಗು ಅಳತೊಡಗಿತು.

ಮನೆಗೆ ಬಂದು ಹಜಾರದ ನಡುವೆ ಎಲ್ಲವನ್ನೂ ಇಟ್ಟೆ. ಹೆಂಡತಿ ಅಡುಗೆಮನೆಯಿಂದ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮೀನು ನೋಡಿದಳು, ಕಪ್ಪೆಗೆ ಮೂರೇ ಕಾಲಿರುವುದನ್ನು ನೋಡಿದಳು, ಗಂಟು ಬಿದ್ದ ರೀಲನ್ನು ನೋಡಿದಳು, ನನ್ನ ಪ್ಯಾಂಟಿನ ಕೆಸರು ನೋಡಿದಳು. ಅವಳಿಗೆ ನಂಬಿಕೆ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ನಾನು ಎದೆಯುಬ್ಬಿಸಿ, "ಈಗ ಹೇಳು, ಕಾರ್ಖಾನೆಯಲ್ಲಿ ಎಲ್ಲರ ಮುಂದೆ ನನ್ನನ್ನು ಏನಂತ ಕರೀತೀಯ?" ಅಂದೆ.

"ರೀಲ್ ಮಾಸ್ಟ್ರು ಅಂತಾನೇ ಕಣ್ರೀ, ಇನ್ನೇನು?" ಅಂದಳು ಸೆರಗು ಬಾಯಿಗೆ ಒತ್ತಿಕೊಂಡು. "ಇಷ್ಟು ದಿನ ಬರೀ ರೀಲ್ ಬಿಡ್ತಿದ್ರಿ. ಇವತ್ತು ರೀಲ್ ಸಮೇತ ಸಿಕ್ಕಿಬಿದ್ರಲ್ಲ!"