ಹೊಸ ಕಂಪ್ಯೂಟರಿನಲ್ಲಿ ಹಳೇ ಕಾರು

ಸರಕು ಸಾಗಣೆ ಕಚೇರಿಗೆ ಬಂದದ್ದು ಒಂದೇ ಒಂದು ಹೊಸ ಕಂಪ್ಯೂಟರು. ಅದರ ಮೇಲೆ ಕ್ಯಾಷಿಯರ್‌ಗೂ ಕಣ್ಣಿತ್ತು, ಎಲ್ಲರೂ ಅಕ್ಕ ಎಂದು ಕರೆಯುವ ಟೈಪಿಸ್ಟಿಗೂ ಕಣ್ಣಿತ್ತು. ಆದರೆ ಮ್ಯಾನೇಜರ್ "ಇದನ್ನ ಯಾರಿಗೆ ಕೊಡೋಣ?" ಎಂದು ಬಾಯಿ ಮುಚ್ಚುವ ಮೊದಲೇ ಬುಕಿಂಗ್ ಗುಮಾಸ್ತ ಎದ್ದು ನಿಂತಿದ್ದ.

"ವೇಗದ ಯಂತ್ರ ವೇಗದ ಕೈಗೇ ಸೇರಬೇಕು, ಸಾರ್."

ಅವನಿಗೆ ರಾಕೆಟ್ ಎಂಬ ಅಡ್ಡಹೆಸರು. ಇಟ್ಟುಕೊಂಡವನೂ ಅವನೇ. ತನ್ನ ಮೇಜಿನ ಹಳೇ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಊಟದ ಬಿಡುವಿನಲ್ಲಿ ಕಾರ್ ರೇಸ್ ಆಡಿ, ಎಲ್ಲೂ ಡಿಕ್ಕಿ ಹೊಡೆಯದೆ ಕೊನೆಯ ಸುತ್ತು ಮುಗಿಸಿದ್ದ. ಅಂದಿನಿಂದ ನಡೆಯುವಾಗಲೂ ಸ್ಟಿಯರಿಂಗ್ ಹಿಡಿದವನಂತೆಯೇ ನಡೆಯುತ್ತಿದ್ದ.

"ಬರೀ ಬಾಯಲ್ಲಿ ಹೇಳಿದ್ರೆ ಆಯ್ತಾ? ಆಡಿ ತೋರಿಸಲಿ," ಎಂದರು ಕ್ಯಾಷಿಯರ್.

ಕಂಪ್ಯೂಟರ್ ಜೋಡಿಸಲು ಬಂದಿದ್ದ ಮೆಕ್ಯಾನಿಕ್ ಹಳೆಯದರಲ್ಲಿದ್ದ ಆಟವನ್ನು ಹೊಸದಕ್ಕೆ ಹಾಕಿಕೊಟ್ಟ. ಊಟದ ಹೊತ್ತಿಗೆ ಕಚೇರಿಯೆಲ್ಲ ಆ ಮೇಜಿನ ಸುತ್ತ ಮುತ್ತಿಕೊಂಡಿತು. ರಾಕೆಟ್ ಅಂಗಿಯ ತೋಳು ಮಡಿಸಿ, ಬೆರಳು ನೆಟಿಗೆ ಮುರಿದು, ಗುಂಡಿ ಒತ್ತಿದ.

ಕಾರು ಕಾಣಿಸಲೇ ಇಲ್ಲ. ಕಂಡದ್ದು ಅದು ಗೋಡೆಗೆ ಬಡಿದ ಹೊಗೆ ಮಾತ್ರ.

"ಕಾರೆಲ್ಲಿ ಹೋಯ್ತು?" ಅಕ್ಕ ಕನ್ನಡಕ ಒರೆಸಿಕೊಂಡರು.

ಮತ್ತೆ ಒತ್ತಿದ. ಮತ್ತೆ ಹೊಗೆ. ಮೂರನೆಯ ಸಲ ಕಾರು ಬಾಲಕ್ಕೆ ಬೆಂಕಿ ಹತ್ತಿದ ಬೆಕ್ಕಿನಂತೆ ಹಾರಿ, ರಸ್ತೆ ಬಿಟ್ಟು ಹುಲ್ಲಿನಲ್ಲಿ ಮಗುಚಿತು. ಕ್ಯಾಷಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ತಪ್ಪು ಇವರದಲ್ಲ ಸಾರ್," ಎಂದ ಮೆಕ್ಯಾನಿಕ್. "ಆ ಕಾಲದ ಗೇಮು ಪ್ರೊಸೆಸರ್ ಎಷ್ಟು ಜೋರಾಗಿ ಓಡುತ್ತೋ ಅಷ್ಟೇ ಜೋರಾಗಿ ಓಡುತ್ತೆ. ಈ ಹೊಸ ಪ್ರೊಸೆಸರ್ ಅದನ್ನ ದರದರ ಎಳ್ಕೊಂಡು ಹೋಗ್ತಿದೆ."

"ಕೇಳಿದ್ರಾ? ನಂದಲ್ಲ!" ರಾಕೆಟ್ಟಿನ ಎದೆ ಮತ್ತೆ ಉಬ್ಬಿತು.

ಕಂಪ್ಯೂಟರಿಗೆ ಬೇರೆ ಕೆಲಸಗಳ ಭಾರ ಹೇರಿದರೆ ತಾನಾಗಿ ನಿಧಾನವಾಗುತ್ತದೆ ಎಂದು ಕ್ಯಾಷಿಯರ್ ಸಲಹೆ ಕೊಟ್ಟರು. ಸರಿ, ಮಗಳ ಮದುವೆಯ ವೀಡಿಯೊವನ್ನು ಅವರೇ ಹಚ್ಚಿದರು. ಅಕ್ಕ ಹಾಡು ಹಾಕಿದರು. ಮ್ಯಾನೇಜರ್ ಕೂಡ ಕುತೂಹಲ ತಡೆಯಲಾರದೆ ವೈರಸ್ ಹುಡುಕಲು ಬಿಟ್ಟರು. ಕಾರಿನ ವೇಗ ತಗ್ಗಲಿಲ್ಲ. ಮದುಮಗಳು ಮಾತ್ರ ಹಾರ ಎತ್ತಿದ ಕೈ ಇಳಿಸದೆ ನಿಂತುಬಿಟ್ಟಳು.

"ಅಯ್ಯೋ, ನನ್ನ ಮಗಳು!" ಕ್ಯಾಷಿಯರ್ ಗಾಬರಿಯಾದರು.

ಕೊನೆಗೆ ಮೆಕ್ಯಾನಿಕ್ ಎಲ್ಲವನ್ನೂ ಮುಚ್ಚಿ, ಹಳೇ ಆಟಗಳನ್ನು ಬೇಕಾದ ವೇಗಕ್ಕೆ ಇಳಿಸುವ ಒಂದು ಪ್ರೋಗ್ರಾಮ್ ಹಾಕಿದ. ಈಗ ಕಾರು ಕಾರಿನಂತೆ ಹೊರಟಿತು. ಮೊದಲ ತಿರುವಿನಲ್ಲೇ ರಾಕೆಟ್ ಕಂಬಕ್ಕೆ ಗುದ್ದಿದ.

"ಇನ್ನೂ ಸ್ವಲ್ಪ ನಿಧಾನ ಮಾಡಪ್ಪ."

ಮಾಡಿದ. ಈ ಸಲ ರಾಕೆಟ್ ಸೇತುವೆಯಿಂದ ಬಿದ್ದ.

"ಇನ್ನೊಂದು ಚೂರು... ಹಾಂ, ಇನ್ನೊಂದೇ ಒಂದು ಚೂರು... ಇದೇ, ಇದೇ ನನ್ನ ಕಾರು!"

ಆಮೇಲೆ ನಡೆದದ್ದನ್ನು ಕಚೇರಿ ಬಾಯಿ ಬಿಟ್ಟುಕೊಂಡು ನೋಡಿತು. ತಿರುವು, ಸುರಂಗ, ಸೇತುವೆ ಎಲ್ಲವನ್ನೂ ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ದಾಟಿ ಅವನು ಗೆದ್ದ. ಅಕ್ಕ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಬೆನ್ನು ತಟ್ಟಿದರು. ರಾಕೆಟ್ ಆ ಕ್ಷಣವೇ ಹೆಂಡತಿಗೆ ಫೋನ್ ಮಾಡಿದ.

"ಹೊಸ ಕಂಪ್ಯೂಟರ್ ನಂದೇ ಕಣೇ!"

"ನಿಜವಾಗ್ಲೂ? ಸಂಜೆ ತಮ್ಮನ್ನ ಕರ್ಕೊಂಡು ಬರ್ತೀನಿ ಇರಿ, ಅವನೂ ನೋಡ್ಲಿ!"

ಫೋನಿಟ್ಟಾಗ ಮ್ಯಾನೇಜರ್ ಮೆಕ್ಯಾನಿಕ್‌ನನ್ನು ಕೇಳುತ್ತಿದ್ದರು: "ಗೇಮಿನ ಅಸಲಿ ವೇಗ ಇದೇನಾ?"

"ಇಲ್ಲ ಸಾರ್. ಅಸಲಿ ವೇಗದಲ್ಲಿ ಆಡಿದಾಗ ಇವರು ಕಂಬಕ್ಕೆ ಗುದ್ದಿದ್ರಲ್ಲ. ಇದು ಅದರ ಕಾಲುಭಾಗ. ಇವರ ಹಳೇ ಕಂಪ್ಯೂಟರ್ ಈ ಗೇಮನ್ನೂ ಎಳೀಲಾರದೆ ಒದ್ದಾಡ್ತಿತ್ತು. ಇವರ ಕೈ ಅದಕ್ಕೇ ಒಗ್ಗಿಹೋಗಿದೆ."

ಮ್ಯಾನೇಜರ್ ರಾಕೆಟ್ಟಿನ ಕಡೆ ತಿರುಗಿದರು.

"ಹೊಸದು ಅಕ್ಕನಿಗಿರಲಿ. ಆ ಹಳೇದನ್ನ ಗುಜರಿಗೆ ಹಾಕೋಣ ಅಂತಿದ್ದೆ. ಆದ್ರೆ ಅದರ ಜೊತೆ ಇಷ್ಟು ಚೆನ್ನಾಗಿ ಹೊಂದಿಕೊಂಡು ಹೋಗೋರು ನಿಮ್ಮನ್ನ ಬಿಟ್ರೆ ಇನ್ಯಾರೂ ಸಿಗಲ್ಲ. ನಿಮ್ಮ ಹತ್ರಾನೇ ಇರಲಿ."

ಸಂಜೆ ಹೆಂಡತಿ ತಮ್ಮನೊಂದಿಗೆ ಬಂದಳು. ಭಾವಮೈದುನ ಅತ್ತಿತ್ತ ನೋಡಿದ.

"ಭಾವ, ಹೊಸ ಕಂಪ್ಯೂಟರ್ ಎಲ್ಲಿ?"

ರಾಕೆಟ್ ತನ್ನ ಹಳೇ ಕಂಪ್ಯೂಟರಿನ ಮುಂದೆ ನೆಟ್ಟಗೆ ಕುಳಿತ.

"ಅದನ್ನ ಯಾರು ಬೇಕಾದ್ರೂ ಓಡಿಸ್ತಾರಪ್ಪ, ಟೈಪಿಸ್ಟಿಗೆ ಬಿಟ್ಟುಕೊಟ್ಟೆ. ಇದನ್ನ ಓಡಿಸೋಕೆ ಇಡೀ ಕಚೇರೀಲಿ ನಾನೊಬ್ನೇ ಅಂತ ಮ್ಯಾನೇಜರೇ ಎಲ್ಲರ ಮುಂದೆ ಹೇಳಿದಾರೆ. ಬೇಕಾದ್ರೆ ಕೇಳು."

ಹೆಂಡತಿ ಹೆಮ್ಮೆಯಿಂದ ತಮ್ಮನ ಮುಖ ನೋಡಿದಳು. ಆಮೇಲೆ ಗಂಡನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು:

"ನಮ್ಮನೆಯೋರು ಕೆಟ್ಟಿರೋ ಕಂಪ್ಯೂಟರ್ ಎಲ್ಲ ಪಳಗಿಸ್ತಾರೆ ಅಂತ ನೆಂಟರಿಗೆಲ್ಲ ಈಗ್ಲೇ ಫೋನ್ ಮಾಡಿ ಹೇಳ್ತೀನಿ. ಭಾನುವಾರ ಎಲ್ರೂ ಅವರವರ ಮನೇದು ಹೊತ್ಕೊಂಡು ಬರಲಿ."