ಯಾವ ಉಪ್ಪು ನೀರು?

“ವೈಂಡಿಂಗ್ ಮುನಿವೆಂಕಟಪ್ಪನವರು ಮಗುವಿನಂತೆ ಸಾಕಿದ್ದ ಸಮುದ್ರದ ಹೂವನ್ನು, ಅವರು ಊರಲ್ಲಿಲ್ಲದಾಗ, ಹೆಂಡತಿ ಬೋರ್ ನೀರು ಹಾಕಿ ಸಾಯಿಸಿಬಿಟ್ಟರು.” ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಈಗ ಚಲಾವಣೆಯಲ್ಲಿರುವ ವೃತ್ತಾಂತ ಇದು. ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟೊಂದು ತಪ್ಪುಗಳನ್ನು ಅಡಕವಾಗಿ ತುಂಬಿದವರ ಜಾಣ್ಮೆಯನ್ನು ಮೆಚ್ಚಲೇಬೇಕು. ನನ್ನ ಹೆಸರು ಸರಿಯಾಗಿದೆ, ನಾನು ಊರಲ್ಲಿರಲಿಲ್ಲವೆಂಬುದು ಸರಿ, ಬೋರ್ ನೀರು ಬಿದ್ದದ್ದೂ ಸರಿ. ಆದರೆ ಅದು ಹೂವಲ್ಲ, ಪ್ರಾಣಿ. ಅದು ಸತ್ತಿಲ್ಲ, ಈ ಸಾಲುಗಳನ್ನು ಬರೆಯುತ್ತಿರುವಾಗಲೂ ನನ್ನ ಎಡಗಡೆಯ ಗಾಜಿನ ತೊಟ್ಟಿಯಲ್ಲಿ ಬೆರಳುಗಳನ್ನೆಲ್ಲ ಬಿಡಿಸಿಕೊಂಡು ತೂಗಾಡುತ್ತಿದೆ. ಉಳಿದದ್ದು ನನ್ನ ಹೆಂಡತಿ ಸರೋಜಮ್ಮನ ಮೇಲಿರುವ ಆಪಾದನೆ. ಅದನ್ನು ಇತ್ಯರ್ಥ ಮಾಡದೆ ನಮ್ಮ ಮನೆಯಲ್ಲಿ ಕಾಫಿಗೆ ಮೊದಲಿನ ರುಚಿ ಬರುವುದಿಲ್ಲವೆಂದು ಖಚಿತವಾದ ಮೇಲೆ ಲೇಖನಿ ಹಿಡಿದಿದ್ದೇನೆ.

ಯಾರೋ ಹೇಳಿದರೆಂದು ಯಾವುದನ್ನೂ ಒಪ್ಪದಿರುವುದು ನನ್ನ ಹುಟ್ಟುಗುಣ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲಿನ ವಿದ್ಯೆಯೆಲ್ಲ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ, ಸುಟ್ಟ ಕಾಯಿಲುಗಳನ್ನು ಬಿಚ್ಚುತ್ತ, ಸಾಮಾನು ಸುತ್ತಿಕೊಂಡು ಬಂದ ಹಳೆಯ ಪತ್ರಿಕೆಗಳನ್ನು ಓದುತ್ತ ಸಂಪಾದಿಸಿದ್ದು. ಮೋಟಾರು ಸುಟ್ಟರೆ ರೈತರೆಲ್ಲ “ಕರೆಂಟಿಂದ ಹೋಯ್ತು” ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹತ್ತರಲ್ಲಿ ಆರು ಬೇರೆಯೇ ಕಥೆ ಹೇಳುತ್ತಿದ್ದವು. ಅಂದಿನಿಂದ ಬಿಚ್ಚಿ ನೋಡದ ಕಥೆಯನ್ನು ನಂಬುವುದಿಲ್ಲ. ನಮ್ಮ ತಾತನ ಊರಿನ ಬಾವಿಯನ್ನು ಒಬ್ಬನೇ ಪೈಲ್ವಾನ ಒಂದೇ ದಿನದಲ್ಲಿ ತೋಡಿದನೆಂದು ಹಿರಿಯರು ಹೇಳಿದಾಗ, ಹತ್ತು ವರ್ಷದವನಾದ ನಾನು “ಮಣ್ಣು ಎಲ್ಲಿ ಹಾಕಿದ?” ಎಂದು ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೆ. ಆ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ.

ಈ ಸಮುದ್ರಜೀವಿ ನಮ್ಮ ಮನೆಗೆ ಬಂದದ್ದಕ್ಕೂ ಇದೇ ಗುಣವೇ ಕಾರಣ. ಕೋಲಾರದಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದರ ಗೋಡೆಯ ಮೇಲೆ, ಗುಲಾಬಿ ಬಣ್ಣದ ನೂರಾರು ಬೆರಳುಗಳನ್ನು ಚಾಚಿಕೊಂಡ ಜೀವಿಯೊಂದರ ಚಿತ್ರ ನೋಡಿದೆ. ಇದೇನೆಂದು ವಿಚಾರಿಸಿದೆ. “ಅನಿಮೊನಿ ಸಾರ್. ಸಮುದ್ರದ್ದು. ನಮ್ಮ ಕಡೆ ಬದುಕೋದಿಲ್ಲ, ಅದೆಲ್ಲ ಕರಾವಳಿಯವರಿಗೆ ಸರಿ,” ಎಂದ ಅಂಗಡಿಯವನು. “ಬದುಕುವುದಿಲ್ಲವೆಂದು ನೋಡಿದವರು ಯಾರು?” ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಅಲ್ಲಿಗೆ ನನ್ನ ನಿವೃತ್ತಿಜೀವನದ ಉದ್ಯೋಗ ನಿರ್ಧಾರವಾಯಿತು.

ಉಪ್ಪು ನೀರಿನ ತೊಟ್ಟಿ ಕಟ್ಟುವುದು ಸಂಸಾರ ಹೂಡಿದಂತೆ. ಮೊದಲ ದಿನವೇ ಬಂಧುಗಳನ್ನು ಕರೆಯಬಾರದು. ಫಿಲ್ಟರ್ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ, ರಂಧ್ರಗಳುಳ್ಳ ಕಲ್ಲುಗಳನ್ನು ಜೋಡಿಸಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಯೂರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ನಾನು ಎಂಟು ತಿಂಗಳು ಕಾದೆ. ಬೆಳಗ್ಗೆ ದೀಪ ಹಾಕುವುದು, ಉಪ್ಪಿನ ಅಂಶ ಅಳೆಯುವುದು, ಸಂಜೆ ದೀಪ ಆರಿಸುವುದು. “ಎಂಟು ತಿಂಗಳಿಂದ ಕಲ್ಲಿಗೆ ಲೈಟ್ ಹಾಕ್ಕೊಂಡು ಕೂತಿದ್ದೀರಲ್ರೀ, ಶಿವಾರಪಟ್ಟಣದ ಶಿಲ್ಪಿಗಳು ಇಷ್ಟೊತ್ತಿಗೆ ಅದೇ ಕಲ್ಲಲ್ಲಿ ದೇವರನ್ನೇ ತೆಗೆದಿರೋರು,” ಎಂದಳು ಸರೋಜ. ಪಕ್ಕದ ಮನೆಯ ಚೌಡಪ್ಪ ಬಂದು ಬಂದು ಇಣುಕಿದ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಪಿಸುಮಾತನ್ನೇ ಮರೆತ ಗಂಟಲು ಅವನದು. ಕೊನೆಗೆ ಅನಿಮೊನಿ ಬಂದು ಕಲ್ಲಿನ ಸಂದಿಯಲ್ಲಿ ಕಾಲೂರಿದ ದಿನ ಅವನು ಗಾಜಿಗೆ ಮೂಗು ಒತ್ತಿ, “ಏಮನ್ನಾ, ಇದಿ ಪುವ್ವಾ, ಪುರುಗಾ?” ಎಂದ. ಹೂವೋ ಹುಳುವೋ ಎಂಬ ಆ ತೆಲುಗು ಪ್ರಶ್ನೆ ಬೀದಿಯ ಕೊನೆಯವರೆಗೂ ಕೇಳಿಸಿತು. ಎರಡೂ ಅಲ್ಲವೆಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿ, “ಹಂಗಾದ್ರೆ ಹೂವೇ ಬಿಡಿ,” ಎಂದು ಎದ್ದು ಹೋದ.

ಪ್ರಾಣಿ ಚೆನ್ನಾಗಿಯೇ ಬೆಳೆಯಿತು. ಅದಕ್ಕೆ ಒಂದೇ ಕಾಲು. ಅದರ ಮೇಲೆಯೇ ಬೇಕಾದ ಕಡೆಗೆ ಮೆಲ್ಲಗೆ ನಡೆದುಬಿಡುತ್ತದೆ. ಒಮ್ಮೆ ಪಂಪಿನ ಬಾಯಿಯತ್ತ ಹೊರಟಿತ್ತು. ಸಿಕ್ಕಿಕೊಂಡರೆ ಚೂರುಚೂರಾಗುತ್ತಿತ್ತು. ಅದನ್ನು ಮೊದಲು ಕಂಡವಳು ಸರೋಜ. ಓಡಿಬಂದು ಸ್ವಿಚ್ ಆರಿಸಿದವಳೂ ಅವಳೇ, ಪಂಪಿಗೆ ಕಟ್ಟಲು ಟೀ ಸೋಸುವ ಜಾಲರಿ ಕೊಟ್ಟವಳೂ ಅವಳೇ. ಬುಧವಾರ ಬುಧವಾರ ಸಿಗಡಿಯ ಚೂರನ್ನು ಇಕ್ಕಳದಲ್ಲಿ ಹಿಡಿದು ತಿನ್ನಿಸುತ್ತಿದ್ದಳು. ಬೆರಳುಗಳು ಅಂಟಿಕೊಂಡು ತುತ್ತನ್ನು ನಡುವಿನ ಬಾಯಿಗೆ ಸಾಗಿಸುವುದನ್ನು ನೋಡಿ, “ನಿಮಗಿಂತ ಚೊಕ್ಕಟವಾಗಿ ತಿನ್ನತ್ತೆ,” ಎನ್ನುತ್ತಿದ್ದಳು.

ಹೀಗಿರುವಾಗ ಮಾಲೂರಿನಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ ಬಂತು. ಮೋಟಾರು, ಸಂಪು, ಪೈಪುಗಳ ಕೆಲಸ ನಾನೇ ನೋಡಬೇಕೆಂದು ಐದು ದಿನಗಳ ಕರೆ. ಬೇಸಿಗೆಯಾದ್ದರಿಂದ ತೊಟ್ಟಿಯ ನೀರು ದಿನವೂ ಆವಿಯಾಗಿ ಇಳಿಯುತ್ತಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಇಳಿದಷ್ಟನ್ನೂ ಬರಿಯ ಫಿಲ್ಟರ್ ನೀರಿನಿಂದ ತುಂಬಬೇಕು. ಬ್ಯಾಟರಿಗೆ ಆಸಿಡ್ ಸುರಿಯದೆ ಡಿಸ್ಟಿಲ್ಡ್ ವಾಟರ್ ಹಾಕುವ ಹಾಗೆ. ಇದು ನನಗೆ ಅಂಗೈರೇಖೆಯಷ್ಟು ಗೊತ್ತಿದ್ದ ವಿಷಯ. ತೊಟ್ಟಿಯ ಕಾವಲಿಗೆಂದು ಸರೋಜ ಮನೆಯಲ್ಲೇ ಉಳಿದಳು. ನಾದಿನಿಯ ಗೃಹಪ್ರವೇಶಕ್ಕೆಂದು ಅಂಚು ಹೊಲಿಸಿಟ್ಟಿದ್ದ ರೇಷ್ಮೆ ಸೀರೆ ಬೀರುವಿನಲ್ಲೇ ಉಳಿಯಿತು.

ಐದನೆಯ ದಿನ ಬೆಳಗ್ಗೆ ಹಿಂತಿರುಗಿ ನೋಡುತ್ತೇನೆ, ಅಂಗೈಯಗಲದ ಪ್ರಾಣಿ ನಿಂಬೆಹಣ್ಣಿನಷ್ಟಾಗಿ ಮುದುಡಿದೆ. ಬಾಯಿ ತೆರೆದು ಜೋತುಬಿದ್ದಿದೆ. ಬೆರಳುಗಳಿಗೆ ಅಂಟೂ ಇಲ್ಲ, ಬಣ್ಣವೂ ಇಲ್ಲ. ಸರೋಜ ಪಕ್ಕದಲ್ಲಿ ನಿಂತಿದ್ದಳು. “ಎರಡು ದಿನದಿಂದ ಹಿಂಗೇ ಕಣ್ರೀ. ಫೋನ್ ಮಾಡಿದ್ರೆ ನೀವು ಸಂಪಲ್ಲಿ ಇಳಿದಿದ್ದೀರಿ ಅಂದ್ರು.”

“ಯಾವ ನೀರು ಹಾಕಿದೆ?”

“ಉಪ್ಪು ನೀರು.”

“ಯಾವ ಉಪ್ಪು ನೀರು?”

“ಉಪ್ಪು ನೀರು ಅಂದ್ರೆ ಉಪ್ಪು ನೀರು! ಹಿತ್ತಲ ನಲ್ಲೀದು. ನಲ್ಲಿ ಮೇಲೆ ಕೆಂಪು ಪೇಂಟಲ್ಲಿ ನೀವೇ ಬರೆದಿದ್ದೀರಲ್ಲ.”

ನಮ್ಮ ಸೀಮೆಯ ಹೊರಗಿನವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಕುಡಿಯುವ ನೀರು ಸಿಹಿ ನೀರು. ಬೇಳೆ ಬೇಯಿಸದ, ಸೋಪು ನೊರೆಯಾಗದ ಕೊಳವೆಬಾವಿಯ ಗಡಸು ನೀರೆಲ್ಲ ಉಪ್ಪು ನೀರು. ಅದರಲ್ಲಿ ಸಮುದ್ರವೂ ಇಲ್ಲ, ಉಪ್ಪಿನ ರುಚಿಯೂ ಅಷ್ಟಿಲ್ಲ. ಆದರೂ ಅದು ಉಪ್ಪು ನೀರೇ. ಬಂದ ನೆಂಟರು ಕುಡಿಯದಿರಲೆಂದು ನಲ್ಲಿಯ ಮೇಲೆ ಬರೆದದ್ದೂ ನಾನೇ. ಆದರೆ ಆ ಕ್ಷಣದಲ್ಲಿ ಇಷ್ಟೆಲ್ಲ ಯೋಚಿಸುವ ಸ್ಥಿತಿ ನನ್ನದಾಗಿರಲಿಲ್ಲ. “ಅಷ್ಟೂ ತಿಳಿಯಲ್ವೇನೇ? ಬೋರ್ ನೀರು ಹಾಕಿ ಜೀವ ತೆಗೆದೆಯಲ್ಲೇ!” ಎಂದು ಕೂಗಿದೆ. ಕಾಫಿಗೆ ಬಂದಿದ್ದ ಚೌಡಪ್ಪ ಬಾಗಿಲಲ್ಲೇ ಇದ್ದ. ಮಧ್ಯಾಹ್ನದ ಹೊತ್ತಿಗೆ, ಈ ಬರಹದ ಮೊದಲ ವಾಕ್ಯ ಬೀದಿಯಲ್ಲೆಲ್ಲ ಓಡಾಡುತ್ತಿತ್ತು.

ಕೋಲಾರದ ಅಂಗಡಿಯವನಿಗೆ ಫೋನು ಮಾಡಿದೆ. “ಹಿತ್ತಾಳೆ ನಲ್ಲೀನಾ ಸಾರ್? ಹಿತ್ತಾಳೇಲಿ ತಾಮ್ರ ಇರತ್ತೆ, ಇವಕ್ಕೆ ತಾಮ್ರ ವಿಷ. ಮೂರು ದಿನಕ್ಕೊಂದ್ಸಲ ಕಾಲು ಭಾಗ ನೀರು ಬದಲಾಯ್ಸಿ, ಫಿಲ್ಟರಲ್ಲಿ ಇದ್ದಿಲು ಇಡಿ, ಏನೂ ತಿನ್ನಿಸ್ಬೇಡಿ, ಲೈಟ್ ಕಮ್ಮಿ ಮಾಡಿ,” ಎಂದ. ಜೀವಮಾನವೆಲ್ಲ ತಾಮ್ರದ ತಂತಿ ಸುತ್ತಿ ಅನ್ನ ಉಂಡವನ ಮನೆಯಲ್ಲಿ ತಾಮ್ರ ಹೀಗೆ ಸೇಡು ತೀರಿಸಿಕೊಳ್ಳಬಹುದೆಂದು ಎಣಿಸಿರಲಿಲ್ಲ. ಕ್ಯಾನುಗಟ್ಟಲೆ ಫಿಲ್ಟರ್ ನೀರು ಹೊತ್ತು ತಂದು, ಉಪ್ಪು ಬೆರೆಸಿ, ಅಳೆದು, ಬದಲಾಯಿಸಿದೆ. ಸರೋಜ ತೊಟ್ಟಿಯ ಕಡೆ ಮುಖವನ್ನೂ ತಿರುಗಿಸಲಿಲ್ಲ. ನಾಲ್ಕನೆಯ ವಾರ ಬಾಯಿ ಮುಚ್ಚಿತು. ಪ್ರಾಣಿಯದು. ಬೀದಿಯದು ಮುಚ್ಚಲಿಲ್ಲ.

ವಿಷಯ ಎಷ್ಟು ದೂರ ಹೋಗಿದೆಯೆಂದು ತಿಳಿದದ್ದು ಬೈರಕೂರಿನಲ್ಲಿ, ಒಂದು ನಾಮಕರಣದ ಊಟದ ಪಂಕ್ತಿಯಲ್ಲಿ. ನಮಗೆ ಗುರುತೇ ಇಲ್ಲದ ಹೆಂಗಸೊಬ್ಬರು ಸರೋಜಳನ್ನು ನೋಡಿ, “ಓ, ಆ ಹೂವಿಗೆ ಬೋರ್ ನೀರು ಹಾಕಿದ್ದು ನೀವೇನಾ ಅಕ್ಕಾ?” ಎಂದು ಪ್ರೀತಿಯಿಂದಲೇ ಕೇಳಿದರು. ಸರೋಜ ನಕ್ಕಳು. ಹೋಳಿಗೆ ಮಾತ್ರ ಎಲೆಯಲ್ಲೇ ಉಳಿಯಿತು. ನಲವತ್ತು ವರ್ಷಗಳಲ್ಲಿ ಅವಳು ಹೋಳಿಗೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ, ಚೌಡಪ್ಪನ ಎದುರಿಗೇ, ನಡೆದದ್ದನ್ನು ಕ್ರಮವಾಗಿ ವಿಚಾರಿಸಲು ಕುಳಿತೆ. “ನೋಡು ಸರೋಜಾ, ತಪ್ಪು ಎಲ್ಲಾಗಿದ್ದರೂ ನಾನು ಕ್ಷಮಿಸಿದ್ದೇನೆ. ಸಿಹಿ ನೀರು ಹಾಕು ಅಂತ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟು ಹೋಗಿದ್ದೆ...”

“ಬರೆದಿದ್ರಾ?” ಎಂದು ಅವಳು ಅಡುಗೆಮನೆಗೆ ಹೋಗಿ, ಬೇಳೆ ಡಬ್ಬಿಯ ಕೆಳಗಿನಿಂದ ಒಂದು ಕಾಗದ ತಂದು ನನ್ನ ಮುಂದಿಟ್ಟಳು. “ಓದಿ. ಚೌಡಪ್ಪಣ್ಣಂಗೂ ಕೇಳಿಸೋ ಹಂಗೆ ಓದಿ.”

ಗಟ್ಟಿಯಾಗಿ ಓದಿದೆ: “ಉಪ್ಪು ನೀರು ಇಳಿದರೆ ಪ್ರತಿದಿನ ಗೆರೆಯ ತನಕ ತುಂಬುವುದು.”

ತೊಟ್ಟಿಯಲ್ಲಿರುವ ಉಪ್ಪು ನೀರು ಇಳಿದರೆ ಎಂಬುದು ನನ್ನ ಅಭಿಪ್ರಾಯ. ಉಪ್ಪು ನೀರನ್ನು ತುಂಬಬೇಕು ಎಂಬುದು ಓದಿದವರ ಅರ್ಥ. ಸಿಹಿ ನೀರಿನ ಸುದ್ದಿ ಕಾಗದದ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ತಿರುಗಿಸಿ ನೋಡಿದೆ. “ಇದನ್ನ ಓದಿದ್ರೆ ನಾನೂ ಅದೇ ನಲ್ಲಿ ತಿರುಗಿಸ್ತಿದ್ದೆ ಕಣಣ್ಣಾ,” ಎಂದ ಚೌಡಪ್ಪ, ಮಂಡಿಯಲ್ಲಿ ಬೆಲೆ ಮುಗಿಸುವ ದನಿಯಲ್ಲಿ.

“ಇಷ್ಟು ದಿನ ಯಾಕೆ ತೋರಿಸ್ಲಿಲ್ಲ?” ಎಂದೆ.

“ಯಾರು ಹೇಳಿದ್ರೂ ನಂಬದೋರು ನೀವು. ನೀವಾಗಿ ಕೇಳೋ ತನಕ ಇಟ್ಕೊಂಡಿದ್ದೆ,” ಎಂದು ಸರೋಜ ಇಕ್ಕಳ ತೆಗೆದುಕೊಂಡು ತೊಟ್ಟಿಯ ಬಳಿ ಹೋದಳು. ಅಂದು ಬುಧವಾರ.

ಬೀದಿಯ ವೃತ್ತಾಂತವನ್ನು ಹುಟ್ಟಿಸಿದವನು ಚೌಡಪ್ಪನಲ್ಲ, ನಾನೇ ಎಂಬುದು ಹೀಗೆ ಸಿದ್ಧವಾಯಿತು. ತಿದ್ದುಪಡಿಯನ್ನು ಕೂಗಿ ಹೇಳುವ ಹೊಣೆಯನ್ನು ಅವನು ಸಂತೋಷದಿಂದ ಒಪ್ಪಿಕೊಂಡಿದ್ದಾನೆ, ಈಗಾಗಲೇ ಸ್ವಲ್ಪ ಹೆಚ್ಚಿಸಿಯೂ ಹೇಳುತ್ತಿದ್ದಾನೆಂದು ಕೇಳಿದ್ದೇನೆ. ಆದುದರಿಂದ ಯಾರೂ ಅವನ ಮಾತನ್ನಾಗಲಿ ನನ್ನ ಮಾತನ್ನಾಗಲಿ ನಂಬಬೇಕಾಗಿಲ್ಲ. ಮೂಲ ಕಾಗದಕ್ಕೆ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಸರೋಜ ಅದನ್ನು ತೊಟ್ಟಿಯ ಪಕ್ಕದ ಗೋಡೆಗೆ ತೂಗುಹಾಕಿದ್ದಾಳೆ. ಮುಳಬಾಗಿಲಿಗೆ ಬಂದವರು ಯಾರು ಬೇಕಾದರೂ ನೋಡಬಹುದು. ಅಕ್ಷರ ದುಂಡಗಿದೆ, ಒತ್ತಕ್ಷರವೊಂದೂ ತಪ್ಪಿಲ್ಲ. ಮುಂದೆ ಯಾರೂ ನಾನು ಬರೆದದ್ದಲ್ಲವೆನ್ನಬಾರದೆಂದು, ಕೆಳಗೆ ದಿನಾಂಕ ಹಾಕಿ ಪೂರ್ತಿ ಹೆಸರಿನಲ್ಲಿ ನಾನೇ ಸಹಿ ಮಾಡಿದ್ದೇನೆ.